ಗಣಕಯಂತ್ರದ ರೋಗನಿದಾನ

ಹೊಸದಾಗಿ ಕೊಂಡ ಎತ್ತು ಉಳುಮೆಯ ನಡುವೆ ಮಲಗಿಬಿಟ್ಟರೆ ರೈತನು ಮೊದಲು ಅದರ ಬಾಯಿ ತೆರೆದು ನೋಡುತ್ತಾನೆ, ಗೊರಸು ಪರೀಕ್ಷಿಸುತ್ತಾನೆ. ಮಾರಿದವನನ್ನು ಬೈಯುವುದು ಆಮೇಲಿನ ಮಾತು. ಕಳೆದ ವರುಷ ನಾನು ಕೊಂಡ ಗಣಕಯಂತ್ರವೂ ಇಂಥದೊಂದು ಎತ್ತಾಗಿತ್ತು. ಅದರ ರೋಗವನ್ನು ಕಂಡುಹಿಡಿದ ಬಗೆಯನ್ನು ಸಹಪಾಠಿಗಳಿಗೆ ನಿವೇದಿಸುವುದೇ ಈ ಲೇಖನದ ಉದ್ದೇಶ. ನಾನು ಕಲಾ ವಿಭಾಗದವನು. ತಪ್ಪಿದ್ದಲ್ಲಿ ಬಲ್ಲವರು ತಿದ್ದಬೇಕು.

ನಮ್ಮದು ಕಾಗಿನೆಲೆ. ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ಮಾರಿ ಬಂದ ಹಣದಲ್ಲಿ ಒಂದು ಪಾಲನ್ನು ಅಪ್ಪ ನನ್ನ ಕೈಗಿಟ್ಟರು. ಊರವರ ಅರ್ಜಿಗಳನ್ನು ಬೆರಳಚ್ಚು ಮಾಡಿಕೊಟ್ಟು ತಂಗಿಯ ಓದಿನ ಖರ್ಚನ್ನಾದರೂ ದುಡಿಯಬೇಕೆಂಬುದು ನನ್ನ ಸಂಕಲ್ಪ. ಸಿದ್ಧಯಂತ್ರಕ್ಕೆ ಬೆಲೆ ಹೆಚ್ಚೆಂದು ಬಿಡಿಭಾಗಗಳನ್ನು ಹುಬ್ಬಳ್ಳಿಯಿಂದ ತಂದು ನಾನೇ ಜೋಡಿಸಿದೆ. ಯಂತ್ರ ಚಾಲೂ ಆದ ದಿನ ಅವ್ವ ಅದಕ್ಕೆ ಅರಿಷಿಣ ಕುಂಕುಮ ಹಚ್ಚಿದಳು.

ನಾಲ್ಕನೆಯ ದಿನದಿಂದ ಕಾಟ ಮೊದಲಾಯಿತು. ಬರೆಯುತ್ತಿದ್ದಂತೆಯೇ ಪರದೆ ನೀಲಿಯಾಗಿ ಯಂತ್ರ ತಾನೇ ನಿಂತು ಮತ್ತೆ ಹೊರಡುವುದು; ಒಮ್ಮೆ ಹತ್ತು ನಿಮಿಷಕ್ಕೆ, ಒಮ್ಮೆ ಎರಡು ದಿನಕ್ಕೆ. ಕುರಿ ಸಾಕಣೆಯ ಸಾಲಕ್ಕೆ ಅರ್ಜಿ ಬರೆಯಿಸಲು ಬಂದ ಅಜ್ಜರೊಬ್ಬರು ಎರಡು ಸಲ ಬರಿಗೈಯಲ್ಲಿ ಮರಳಿದರು. "ತಮ್ಮಾ, ನಾಳೆ ಕಡೇ ದಿನ ಐತಿ ನೋಡು" ಎಂದರು. ಆ ರಾತ್ರಿ ಅರ್ಜಿಯನ್ನು ಕೈಯಿಂದಲೇ ಬರೆದುಕೊಟ್ಟೆ. ಅಂಗಡಿಯವರು ಫೋನಿನಲ್ಲಿ, ಜೋಡಿಸಿದವನದೇ ತಪ್ಪೆಂದರು. ಅಪ್ಪ ಏನನ್ನೂ ಕೇಳಲಿಲ್ಲ. ಅದೇ ನನಗೆ ಹೆಚ್ಚು ನೋವಾಯಿತು.

ಮೊದಲು ಒಂದು ನೋಟುಪುಸ್ತಕ ತೆರೆದೆ. ನಿಂತ ಹೊತ್ತು, ಮಾಡುತ್ತಿದ್ದ ಕೆಲಸ, ಪರದೆಯ ಸಂದೇಶ, ಮೂರನ್ನೂ ಬರೆದಿಟ್ಟೆ. ವಿಂಡೋಸಿನ ಈವೆಂಟ್ ವ್ಯೂವರಿನಲ್ಲಿ 'ಕರ್ನಲ್-ಪವರ್ 41' ಎಂಬ ದಾಖಲೆ ಸಿಕ್ಕಿತು. ಇದನ್ನು ಕಂಡು ವಿದ್ಯುತ್ತಿನ ದೋಷವೆಂದೇ ಹಲವರು ತಿಳಿಯುವರು. ಆದರೆ ಯಂತ್ರ ಕ್ರಮವಾಗಿ ಮುಚ್ಚದೆ ನಿಂತಿತೆಂದಷ್ಟೇ ಅದರ ಅರ್ಥ. ಹೆಣ ಬಿದ್ದಿದೆ ಎನ್ನುತ್ತದೆಯೇ ಹೊರತು ಕೊಂದವರನ್ನು ಹೇಳುವುದಿಲ್ಲ. ನೀಲಿ ಪರದೆಯ ಸಂಕೇತಗಳೋ ಪ್ರತಿ ಸಲವೂ ಬೇರೆ ಬೇರೆ. ಅದು ಆಗ ತಲೆನೋವಾಗಿತ್ತು. ಅದೇ ಸುಳಿವೆಂದು ಅನಂತರ ತಿಳಿಯಿತು.

ಬಳಿಕ ಒಂದೊಂದನ್ನೇ ಪರೀಕ್ಷಿಸಿದೆ. ಶಾಖವನ್ನು ಅಳೆದೆ, ಮಿತಿಯಲ್ಲೇ ಇತ್ತು. ವಿದ್ಯುತ್ ತಂತಿಗಳನ್ನೆಲ್ಲ ಬಿಚ್ಚಿ ಮತ್ತೆ ಬಿಗಿಯಾಗಿ ಕೂರಿಸಿದೆ. ಪಕ್ಕದ ಹಿಟ್ಟಿನ ಗಿರಣಿ ಹೊರಟಾಗ ದೀಪ ಮಂಕಾಗುತ್ತಿದ್ದುದರಿಂದ ಅದರ ಮೇಲೂ ಗುಮಾನಿ ಬಂತು. ಗೆಳೆಯನ ಯು.ಪಿ.ಎಸ್. ತಂದು ಜೋಡಿಸಿದರೂ ಯಂತ್ರ ನಿಂತಿತು. ಪುಸ್ತಕ ತಿರುವಿದರೆ, ಗಿರಣಿ ಮುಚ್ಚಿದ ಅಪರಾತ್ರಿಯಲ್ಲೂ ನಿಂತದ್ದು ದಾಖಲಾಗಿತ್ತು. ಗಿರಣಿ ನಿರಪರಾಧಿ!

ಉಳಿದದ್ದು ಸ್ಮರಣೆ, ಎಂದರೆ ರ್‍ಯಾಮ್. ನನ್ನಲ್ಲಿ 8 ಜಿ.ಬಿ.ಯ ಎರಡು ಪಟ್ಟಿಗಳಿದ್ದವು. ಒಂದೊಂದರಲ್ಲೂ ಆರು ಸಾವಿರದ ಎಂಟುನೂರು ಕೋಟಿಗೂ ಮಿಕ್ಕಿ ಕೋಶಗಳು. ಪ್ರತಿ ಕೋಶವೂ ಸೋರುವ ಕೊಡ. ವಿದ್ಯುದಂಶ ತುಂಬಿದ್ದರೆ ಒಂದು, ಬರಿದಾಗಿದ್ದರೆ ಸೊನ್ನೆ. ಅದು ಸೋರಿಹೋಗುವ ಮುನ್ನ, ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೊಮ್ಮೆ, ಮರಳಿ ತುಂಬುತ್ತಲೇ ಇರಬೇಕು. ಯಾವುದೋ ಕೊಡದ ತೂತು ದೊಡ್ಡದಾದರೆ, ತುಂಬುವವನು ಬರುವಷ್ಟರಲ್ಲಿ ಅದು ಬರಿದು. ಆ ಕೋಶದಲ್ಲಿ ಆಗ ಚಿತ್ರದ ಚುಕ್ಕೆಯಿದ್ದರೆ ಬಣ್ಣವಷ್ಟೇ ಕೆಡುವುದು. ಯಂತ್ರ ನಡೆಸುವ ಆಜ್ಞೆಯಿದ್ದರೆ ಯಂತ್ರವೇ ಕುಸಿಯುವುದು. ದೋಷ ಒಂದೇ ಆದರೂ ರೋಗಲಕ್ಷಣ ನೂರಾಗುವುದು ಹೀಗೆ.

ಅಕ್ಷರವಿದ್ದರೆ? ಯೂನಿಕೋಡಿನಲ್ಲಿ 'ಕ'ದ ಸಂಖ್ಯೆ 3221, 'ಗ'ದ್ದು 3223. ದ್ವಿಮಾನದಲ್ಲಿ ಇವೆರಡಕ್ಕೂ ಒಂದೇ ಅಂಕೆಯ ವ್ಯತ್ಯಾಸ. ಒಂದು ಕೋಶ ಕೆಟ್ಟರೆ ಅಜ್ಜರ ಅರ್ಜಿಯ 'ಕುರಿ' ಸದ್ದಿಲ್ಲದೆ 'ಗುರಿ'ಯಾಗಬಹುದು. ಹಾಗೆ ಆಯಿತೆಂದು ನಾನು ಹೇಳುತ್ತಿಲ್ಲ. ಆದರೆ ಸಾಲದ ಮೊತ್ತದ ಅಂಕಿಯೇ ಬದಲಾಗಿದ್ದರೆ? ನಿಂತುಹೋಗುವ ಯಂತ್ರಕ್ಕಿಂತ, ನಿಲ್ಲದೆ ಸುಳ್ಳು ಬರೆಯುವ ಯಂತ್ರ ಭಯಂಕರ.

ಮೆಮ್‌ಟೆಸ್ಟ್86+ ಎಂಬ ಉಚಿತ ತಂತ್ರಾಂಶವನ್ನು ಪೆನ್‌ಡ್ರೈವಿಗೆ ಹಾಕಿ ರಾತ್ರಿಯಿಡೀ ಓಡಿಸಿದೆ. ಬೆಳಗ್ಗೆ ಪರದೆಯ ತುಂಬ ಕೆಂಪು ಸಾಲುಗಳು! ಪಟ್ಟಿ ಕೆಟ್ಟದ್ದೋ, ಅದು ಕೂರುವ ಸಂದು ಕೆಟ್ಟದ್ದೋ? ವಿದ್ಯುತ್ ತೆಗೆದು, ಮೈಯ ಸ್ಥಿರವಿದ್ಯುತ್ತು ಇಳಿಯಲೆಂದು ಪೆಟ್ಟಿಗೆಯ ಲೋಹ ಮುಟ್ಟಿ, ಒಂದೊಂದೇ ಪಟ್ಟಿಯನ್ನು ಎರಡೂ ಸಂದುಗಳಲ್ಲಿ ಸರದಿಯಂತೆ ಇಟ್ಟು ನಾಲ್ಕು ಪರೀಕ್ಷೆ ಮಾಡಿದೆ. ವೇಗ ಹೆಚ್ಚಿಸುವ ಎಕ್ಸ್.ಎಂ.ಪಿ. ಏರ್ಪಾಡನ್ನು ಮೊದಲೇ ತೆಗೆದಿದ್ದೆ; ಅದೂ ಇಂಥ ದೋಷ ತರಬಲ್ಲದು. ಮೊದಲನೆಯ ಪಟ್ಟಿ ಎರಡೂ ಕಡೆ ಶುದ್ಧ. ಎರಡನೆಯದು ಎರಡೂ ಕಡೆ ಕೆಟ್ಟದ್ದು. ಸಂದುಗಳೂ ನಿರ್ದೋಷಿ, ಜೋಡಿಸಿದ ನಾನೂ ನಿರ್ದೋಷಿ.

ಕೆಂಪು ಸಾಲುಗಳ ಚಿತ್ರವನ್ನೂ ನೋಟುಪುಸ್ತಕವನ್ನೂ ಹಿಡಿದು ಹುಬ್ಬಳ್ಳಿಗೆ ಹೋದೆ. ಮೊದಲು ತಲೆಯಾಡಿಸಿದ ಅಂಗಡಿಯವರು ಪುಟ ತಿರುವುತ್ತ ಮೆತ್ತಗಾದರು. ವಾರಂಟಿಯಲ್ಲಿ ಹೊಸ ಪಟ್ಟಿ ಬಂತು. ಅದನ್ನೂ ಒಂದು ರಾತ್ರಿ ಪರೀಕ್ಷಿಸಿಯೇ ಕೆಲಸಕ್ಕೆ ಹಚ್ಚಿದೆ. ಅಂದಿನಿಂದ ಯಂತ್ರ ನಿಂತಿಲ್ಲ.

1947ರ ಸೆಪ್ಟೆಂಬರ್ 9ರಂದು ಅಮೆರಿಕದಲ್ಲಿ ಹಾರ್ವರ್ಡ್ ಮಾರ್ಕ್ 2 ಎಂಬ ಯಂತ್ರ ಕೆಟ್ಟಾಗ, ಬಿಚ್ಚಿ ನೋಡಿದವರಿಗೆ ರಿಲೇಯೊಳಗೆ ಸಿಕ್ಕ ಒಂದು ಪತಂಗ ದೊರೆಯಿತು. ಅದನ್ನು ದಿನಚರಿಯ ಪುಟಕ್ಕೇ ಅಂಟಿಸಿಟ್ಟರು. ಊಹಿಸಿ ಕೂರದೆ ಬಿಚ್ಚಿ ನೋಡುವುದು, ಒಮ್ಮೆಗೆ ಒಂದನ್ನೇ ಬದಲಿಸುವುದು, ಕಂಡದ್ದನ್ನು ಬರೆದಿಡುವುದು: ಇಷ್ಟಕ್ಕೆ ಪದವಿ ಬೇಕಿಲ್ಲ, ತಾಳ್ಮೆ ಬೇಕು.

ಮೊನ್ನೆ ಅಜ್ಜರು ಮತ್ತೊಂದು ಅರ್ಜಿಗೆ ಬಂದಿದ್ದರು. "ಈ ಸಲ ನಿಲ್ಲಂಗಿಲ್ಲ ಹೌದಲ್ಲೋ?" ಎಂದು ಕೇಳಿದರು. "ಇಲ್ರೀ ಅಜ್ಜಾರ, ಕೂಡ್ರಿ" ಎಂದೆ. ಅಪ್ಪ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು.