ಶೇಂಗಾ ಬೆಳೆಗೆ ಎರಡು ಕಡೆಯ ಶತ್ರುಗಳು

ಮಳೆಗಾಲದ ಭತ್ತದ ಕೊಯ್ಲು ಮುಗಿದ ಮೇಲೆ ಅಂಕೋಲೆ, ಕಾರವಾರಗಳ ಕಡೆಯ ಮರಳುಮಿಶ್ರಿತ ಗದ್ದೆಗಳಲ್ಲಿ, ನೆಲದಲ್ಲಿ ಉಳಿದ ತೇವವನ್ನು ನಂಬಿ ಶೇಂಗಾ ಬಿತ್ತುವುದುಂಟು. ಹೂವು ಬಾಡಿದ ಬಳಿಕ ಗಿಡದಿಂದ ಸೂಜಿಯಂತಹ ಮೊಳೆಗಳು ಇಳಿದು, ಮಣ್ಣನ್ನು ಹೊಕ್ಕು, ಅಲ್ಲಿಯೇ ಕಾಯಿಗಳಾಗುತ್ತವೆ. ಎಲೆ ಬೆಳಕಿನಲ್ಲಿ, ಫಲ ಕತ್ತಲಲ್ಲಿ. ಹೀಗೆ ಎರಡು ಲೋಕಗಳಲ್ಲಿ ಬಾಳುವ ಗಿಡಕ್ಕೆ ಎರಡು ಕಡೆಗಳಿಂದಲೂ ಬೂಷ್ಟಿನ, ಎಂದರೆ ಶಿಲೀಂಧ್ರಗಳ, ಕಾಟ ತಪ್ಪಿದ್ದಲ್ಲ. ಎಲೆಗೆ ಹೊಡೆದ ಔಷಧವೇ ಬುಡಕ್ಕೂ ಸಾಕೆಂದು ನಂಬಿದ ಬೆಳೆಗಾರನು ಹಣವನ್ನೂ ಬೆಳೆಯನ್ನೂ ಒಟ್ಟಿಗೆ ಕಳೆದುಕೊಳ್ಳಬಹುದು. ಅದು ಹೇಗೆಂಬುದನ್ನು ನೋಡೋಣ.

ಎಲೆಯ ರೋಗಕ್ಕೆ ಟಿಕ್ಕಾ ಎಂದು ಹೆಸರು. ಒಂದಕ್ಕೊಂದು ಹತ್ತಿರದ ಎರಡು ಶಿಲೀಂಧ್ರಗಳು ಇದಕ್ಕೆ ಕಾರಣ. ಮೊದಲು ಕಾಣುವುದು ಹಳದಿ ಅಂಚಿನ ಕಂದು ಚುಕ್ಕೆ. ಅನಂತರದ್ದು ಎಲೆಯ ಕೆಳಮೈಯಲ್ಲಿ ಕಪ್ಪಗೆ ತೋರುವ ದುಂಡು ಚುಕ್ಕೆ. ಗಾಳಿಯಲ್ಲಿ ಬಂದ ಬೀಜಕಣವು ಮೊಳೆತು ಒಳಹೋಗಬೇಕಾದರೆ ಎಲೆಯು ಹಲವು ಗಂಟೆಗಳ ಕಾಲ ಒದ್ದೆಯಾಗಿರಬೇಕು. ಇಬ್ಬನಿ ಆ ಅನುಕೂಲವನ್ನು ಒದಗಿಸುತ್ತದೆ. ಮ್ಯಾಂಕೊಜೆಬ್ ಎಂಬ ಔಷಧವನ್ನು ಲೀಟರು ನೀರಿಗೆ 2 ಗ್ರಾಂನಂತೆ ಬೆರೆಸಿ ಸಿಂಪಡಿಸಿದರೆ, ಅದು ಎಲೆಯ ಮೇಲೆ ತೆಳುಪದರವಾಗಿ ನಿಂತು ಬೀಜಕಣವನ್ನು ಮೊಳಕೆಯಲ್ಲಿಯೇ ಕೊಲ್ಲುತ್ತದೆ. ಒಳಹೊಕ್ಕ ಶಿಲೀಂಧ್ರವನ್ನು ಅದು ಮುಟ್ಟಲಾರದು. ಆದುದರಿಂದ ಚುಕ್ಕೆಗಳು ತೋರಿದೊಡನೆ ಒಮ್ಮೆ, ಎರಡು ವಾರಗಳ ಬಳಿಕ ಹೊಸ ಎಲೆಗಳಿಗಾಗಿ ಮತ್ತೊಮ್ಮೆ ಸಿಂಪಡಿಸಬೇಕು. ಘಟ್ಟದ ಮೇಲಿನ ತೋಟಿಗರು ಮಳೆ ಹಿಡಿಯುವ ಮೊದಲೇ ಅಡಿಕೆ ಗೊನೆಗಳಿಗೆ ಮೈಲುತುತ್ತ, ಸುಣ್ಣಗಳ ಬೋರ್ಡೋ ದ್ರಾವಣವನ್ನು ಹೊಡೆಯುವುದೂ ಇದೇ ತತ್ತ್ವದ ಮೇಲೆ.

ಮಣ್ಣಿನ ಶತ್ರುವಿನ ಬಗೆಯೇ ಬೇರೆ. ಗಿಡವೊಂದು ಏಕಾಏಕಿ ಬಾಡಿತೆನ್ನಿ. ಬುಡದಲ್ಲಿ ಬಿಳಿಯ ನೂಲಿನ ಬಲೆಯೂ ಸಾಸಿವೆ ಕಾಳಿನಂತಹ ಕಂದು ಗುಂಡುಗಳೂ ಕಂಡರೆ ಅದು ಸ್ಕ್ಲೆರೋಶಿಯಂ ರೋಲ್ಫ್‌ಸಿಯ ಕೆಲಸ. 1892ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಟೊಮೇಟೊ ಗಿಡಗಳ ಮೇಲೆ ಇದನ್ನು ವರ್ಣಿಸಿದ ರೋಲ್ಫ್ಸ್ ಅವರ ಹೆಸರು ಇದಕ್ಕೆ ಅಂಟಿಕೊಂಡಿದೆ. ಇದು ಆಕ್ಸಾಲಿಕ್ ಆಮ್ಲವನ್ನು ಸುರಿಸಿ ಜೀವಕೋಶಗಳನ್ನು ಮೊದಲು ಕೊಂದು, ಆಮೇಲೆ ತಿನ್ನುತ್ತದೆ. ಆ ಗುಂಡುಗಳು ವರ್ಷಗಟ್ಟಲೆ ಮಣ್ಣಿನಲ್ಲಿ ಕಾದಿರಬಲ್ಲವು. ಗಿಡವು ಹಬ್ಬಿದ ಮೇಲೆ ಸಿಂಪಡಿಸಿದ ಔಷಧವನ್ನು ಎಲೆಗಳೇ ತಡೆಯುತ್ತವೆ. ಬುಡಕ್ಕೆ ಮುಟ್ಟುವುದು ಅತ್ಯಲ್ಪ.

ಮುಟ್ಟಿದರೂ ಹಿತವಾಗುವುದೆಂದು ಹೇಳುವಂತಿಲ್ಲ. ಅಮೆರಿಕದ ಅಲಬಾಮದಲ್ಲಿ ನಡೆದು 1975ರಲ್ಲಿ ಪ್ರಕಟವಾದ ಪ್ರಯೋಗಗಳು ಒಂದು ವಿಚಿತ್ರವನ್ನು ತೋರಿಸಿದುವು. ಎಲೆಚುಕ್ಕೆಗೆಂದು ಬೆನೊಮಿಲ್ ಹೊಡೆದ ಶೇಂಗಾ ಹೊಲಗಳಲ್ಲಿ ಬುಡಕೊಳೆ ರೋಗ ಹೆಚ್ಚಾಯಿತು! ಮಣ್ಣಿನಲ್ಲಿ ಟ್ರೈಕೊಡರ್ಮ ಎಂಬ ಉಪಕಾರಿ ಶಿಲೀಂಧ್ರವಿದ್ದು, ಅದು ಸ್ಕ್ಲೆರೋಶಿಯಂನ ಎಳೆಗಳಿಗೆ ಸುತ್ತಿಕೊಂಡು ಅದನ್ನು ಕೊಲ್ಲುತ್ತದೆ. ಬೆನೊಮಿಲ್ ಕಾವಲುಗಾರನನ್ನು ಕೊಂದಿತು, ಕಳ್ಳನಿಗೆ ಏನನ್ನೂ ಮಾಡಲಿಲ್ಲ. ಭಾರತದಲ್ಲಿ 2018ರಲ್ಲಿ ಬೆನೊಮಿಲ್ ನಿಷೇಧಕ್ಕೊಳಗಾಯಿತು. ಆದರೆ ಅದು ಒಡೆದಾಗ ಉಂಟಾಗುವ ಕಾರ್ಬೆಂಡಜಿಮ್ ಕೂಡ ಟ್ರೈಕೊಡರ್ಮಕ್ಕೆ ವಿಷವೇ. ಬೀಜಕ್ಕೆ ಟ್ರೈಕೊಡರ್ಮ ಲೇಪಿಸಿದವರು ಅದೇ ಬೀಜಕ್ಕೆ ಕಾರ್ಬೆಂಡಜಿಮ್ ಬಳಿಯುವುದು ವ್ಯರ್ಥವೆಂದು ನಾವು ಹೇಳಬೇಕಾಗಿಲ್ಲ.

ಹಾಗೆಂದು ಎಲೆಚುಕ್ಕೆಯನ್ನು ಅದರ ಪಾಡಿಗೆ ಬಿಡುವಂತೆಯೂ ಇಲ್ಲ. ರೋಗದಿಂದ ಉದುರಿದ ಎಲೆಗಳು ಬುಡದಲ್ಲಿ ಬಿದ್ದು ಒಣಗಿ ಮತ್ತೆ ಒದ್ದೆಯಾದಾಗ ಹೊರಬರುವ ಆವಿಗಳು ಸ್ಕ್ಲೆರೋಶಿಯಂ ಗುಂಡುಗಳನ್ನು ಎಬ್ಬಿಸುತ್ತವೆ. ಆ ಎಲೆಗಳೇ ಅದಕ್ಕೆ ಮೊದಲ ತುತ್ತು. ಹೀಗೆ ಮೇಲಿನ ಶತ್ರು ಕೆಳಗಿನವನಿಗೆ ಊಟ ಬಡಿಸುತ್ತಾನೆ. ಈ ಶಿಲೀಂಧ್ರಕ್ಕೆ ಗಾಳಿ ಬೇಕು. ಆಳವಾಗಿ ಉತ್ತು ಗುಂಡುಗಳನ್ನೂ ಭತ್ತದ ಕೂಳೆಯನ್ನೂ ಕೆಳಗೆ ಹೂಳಿದರೆ ಅದರ ಬಲ ಕುಂದುತ್ತದೆ. ಧಾರವಾಡದ ಕೃಷಿ ವಿಶ್ವವಿದ್ಯಾನಿಲಯದ ಜಿಪಿಬಿಡಿ-4 ತಳಿಯು ತಡವಾಗಿ ಬರುವ ಎಲೆಚುಕ್ಕೆಯನ್ನೂ ತುಕ್ಕುರೋಗವನ್ನೂ ತಡೆದುಕೊಳ್ಳುವುದರಿಂದ ಸಿಂಪರಣೆಯ ಖರ್ಚು ಇಳಿಯುತ್ತದೆ.

ಶೇಂಗಾದ ಬಳ್ಳಿ ದನಗಳ ಮೇವೂ ಹೌದಷ್ಟೆ. ಕೊನೆಯ ಸಿಂಪರಣೆಗೂ ಗಿಡ ಕೀಳುವುದಕ್ಕೂ ನಡುವೆ ಇರಬೇಕಾದ ದಿನಗಳನ್ನು ಔಷಧದ ಡಬ್ಬಿಯ ಮೇಲೆಯೇ ಅಚ್ಚು ಹಾಕಿರುತ್ತಾರೆ. ಅಕ್ಷರಗಳು ಬಲು ಸಣ್ಣವು. ಮನೆಯಲ್ಲಿ ಓದುವ ಹುಡುಗ ಹುಡುಗಿಯರಿದ್ದರೆ ಅದನ್ನು ಹಿರಿಯರಿಗೆ ಓದಿ ಹೇಳಬಹುದು.