ಬೆಳೆಸಿದ ಆಟಗಾರರು, ಕೊಂಡ ಆಟಗಾರರು

ಬೇಸ್‌ಬಾಲ್ ಅಭಿಮಾನಿಯ ನಾಲಗೆಗೆ ಹೆಚ್ಚು ಕೆಲಸ ಬೀಳುವುದು ಆಟ ನಡೆಯುವ ತಿಂಗಳುಗಳಲ್ಲಲ್ಲ, ಆಟ ನಿಂತುಹೋದ ಚಳಿಗಾಲದಲ್ಲಿ. ಅಕ್ಟೋಬರಿನ ಕೊನೆಗೋ ನವೆಂಬರಿನ ಮೊದಲಿಗೋ ಅಂತಿಮ ಸರಣಿ ಮುಗಿಯುತ್ತದೆ. ಅಲ್ಲಿಂದ ಮುಂದಿನ ವಸಂತದವರೆಗೆ ಅಮೆರಿಕದ ಊರೂರುಗಳಲ್ಲಿ ಚರ್ಚೆಯಾಗುವುದು ಒಂದೇ ಪ್ರಶ್ನೆ: ಬರುವ ವರ್ಷದ ತಂಡವನ್ನು ಕಟ್ಟುವುದು ಹೇಗೆ? ಕೈಯಲ್ಲಿರುವ ಎಳೆಯ ಹುಡುಗರನ್ನು ಕಾದು ಬೆಳೆಸಬೇಕೆ, ಇಲ್ಲವೆ ಹೆಸರಾದವರನ್ನು ಹಣ ಸುರಿದು ತರಬೇಕೆ? ನಿವೃತ್ತನಾದ ಮೇಲೆ ಮಗಳ ಮನೆಯಲ್ಲಿ, ಸೇಂಟ್ ಲೂಯಿಸ್ ನಗರದಲ್ಲಿ, ಎರಡು ಬೇಸಗೆಗಳನ್ನು ಕಳೆದ ನನಗೂ ಈ ಚರ್ಚೆಯ ಗೀಳು ಹತ್ತಿತು. ಆದಕಾರಣ ನನ್ನ ಮಾತಿನಲ್ಲಿ ಆ ಊರಿನ ಕಾರ್ಡಿನಲ್ಸ್ ತಂಡದ ಕಡೆಗೆ ತುಸು ಪಕ್ಷಪಾತ ಕಂಡುಬಂದರೆ ಕೇಳುಗರು ಮನ್ನಿಸಬೇಕು.

ಮೊದಲು ವ್ಯವಸ್ಥೆಯ ಸ್ವರೂಪವನ್ನು ಹೇಳಬೇಕು. ನಮ್ಮ ಕ್ರಿಕೆಟ್ಟಿನಲ್ಲಿ ಹುಡುಗನೊಬ್ಬ ಶಾಲೆಯ ತಂಡ, ಊರಿನ ಕ್ಲಬ್ಬು, ರಾಜ್ಯದ ತಂಡ ಎಂದು ಮೆಟ್ಟಿಲೇರುತ್ತಾನೆ; ಆ ಮೆಟ್ಟಿಲುಗಳ ಒಡೆಯರು ಬೇರೆ ಬೇರೆ. ಬೇಸ್‌ಬಾಲಿನಲ್ಲಿ ಹಾಗಲ್ಲ. ಮೇಜರ್ ಲೀಗ್ ಎಂಬ ಉನ್ನತ ಶ್ರೇಣಿಯಲ್ಲಿ ೩೦ ತಂಡಗಳಿವೆ. ಹದಿನೆಂಟೋ ಇಪ್ಪತ್ತೊಂದೋ ವಯಸ್ಸಿನ ಹುಡುಗನನ್ನು ಈ ತಂಡವೇ ಸಂಬಳಕ್ಕೆ ಹಿಡಿದು, ತನಗೆ ಸೇರಿಕೊಂಡ ಚಿಕ್ಕಪುಟ್ಟ ಊರುಗಳ ತಂಡಗಳಿಗೆ ಕಳುಹಿಸಿ, ಮೆಟ್ಟಿಲು ಮೆಟ್ಟಿಲಾಗಿ ಮೇಲಕ್ಕೆ ತರುತ್ತದೆ. ಈ ಕೆಳಗಿನ ಶ್ರೇಣಿಗಳಿಗೆ ಮೈನರ್ ಲೀಗ್ ಎಂದು ಹೆಸರು. ಹತ್ತಿದವರಲ್ಲಿ ಹೆಚ್ಚಿನವರು ನಡುದಾರಿಯಲ್ಲೇ ಇಳಿದುಬಿಡುತ್ತಾರೆ. ಮೇಲಿನ ತಂಡದಲ್ಲಿ ಒಮ್ಮೆಗೆ ಸ್ಥಾನವಿರುವುದು ೨೬ ಮಂದಿಗೆ. ಅವರನ್ನೂ ಒಳಗೊಂಡು, ತನ್ನವರೆಂದು ಭದ್ರಪಡಿಸಿಕೊಳ್ಳಬಹುದಾದ ಪಟ್ಟಿ ೪೦ ಹೆಸರುಗಳದು. ಒಂದು ಋತುವಿಗೆ ೧೬೨ ಪಂದ್ಯಗಳು. ಗಾಯಗೊಂಡವನ ಜಾಗಕ್ಕೆ ನಾಳೆಯೇ ಇನ್ನೊಬ್ಬ ಬೇಕು. ಹೀಗಾಗಿ ಏಣಿಯ ಕೆಳಗೆ ಯಾರಿದ್ದಾರೆಂಬುದು ಮೇಲಿರುವವರಷ್ಟೇ ಮುಖ್ಯವಾಗುತ್ತದೆ.

ಈ ಏಣಿಯನ್ನು ನಿಲ್ಲಿಸಿದವನು ಬ್ರಾಂಚ್ ರಿಕಿ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸಣ್ಣ ಊರುಗಳ ತಂಡಗಳು ಬಹುಮಟ್ಟಿಗೆ ಸ್ವತಂತ್ರವಾಗಿದ್ದವು. ಅವು ಹುಡುಗರನ್ನು ತಿದ್ದಿ ತೀಡಿ, ಹೆಚ್ಚು ಬೆಲೆ ಕೊಟ್ಟವರಿಗೆ ಮಾರುತ್ತಿದ್ದವು. ಸೇಂಟ್ ಲೂಯಿಸಿನ ತಂಡ ಬಡ ತಂಡ. ನ್ಯೂಯಾರ್ಕಿನವರು ಚೀಲ ಬಿಚ್ಚಿದರೆಂದರೆ ಇವರಿಗೆ ಉಳಿಯುತ್ತಿದ್ದುದು ತಳದ ನುಚ್ಚು. ಕೊಳ್ಳಲು ಹಣವಿಲ್ಲದವನು ಬೆಳೆದುಕೊಳ್ಳಬೇಕು ಎಂಬ ಒಕ್ಕಲುತನದ ತರ್ಕವನ್ನು ರಿಕಿ ಆಟಕ್ಕೆ ತಂದ. ಸಣ್ಣ ತಂಡಗಳನ್ನೇ ಒಂದೊಂದಾಗಿ ಕೊಂಡು, ನೂರಾರು ಹುಡುಗರನ್ನು ಅಲ್ಲಿ ಬಿತ್ತಿದ. ಈ ಏರ್ಪಾಟಿಗೆ ಅಲ್ಲಿಯವರು ಫಾರ್ಮ್, ಅಂದರೆ ಹೊಲ, ಎಂದೇ ಹೆಸರಿಟ್ಟರು. ೧೯೨೬ರಲ್ಲಿ ಕಾರ್ಡಿನಲ್ಸ್ ಮೊದಲ ಬಾರಿಗೆ ಅಂತಿಮ ಸರಣಿಯನ್ನು ಗೆದ್ದಿತು. ೧೯೪೨ರಲ್ಲಿ ನ್ಯೂಯಾರ್ಕ್ ಯಾಂಕೀಸನ್ನು ಸೋಲಿಸಿದ ತಂಡವಂತೂ ಹೆಚ್ಚುಕಡಮೆ ಇಡಿಯಾಗಿ ಸ್ವಂತ ಹೊಲದ ಬೆಳೆ.

ಆ ಬೆಳೆಯಲ್ಲಿ ಸ್ಟ್ಯಾನ್ ಮ್ಯೂಸಿಯಲ್ ಎಂಬ ಒಂದು ತೆನೆಯನ್ನು ನೋಡೋಣ. ಅವನನ್ನು ಸೇರಿಸಿಕೊಂಡದ್ದು ಚೆಂಡೆಸೆಯುವ ಪಿಚರ್ ಎಂದು. ೧೯೪೦ರಲ್ಲಿ ಫ್ಲಾರಿಡಾದ ಡೇಟೋನಾ ಬೀಚ್ ತಂಡದಲ್ಲಿದ್ದಾಗ, ಎಸೆಯುವ ಸರದಿಯಿಲ್ಲದ ದಿನ ಮೈದಾನದ ನಡುವೆ ನಿಂತು ಆಡುತ್ತ, ಚೆಂಡು ಹಿಡಿಯಲು ಹಾರಿ ಬಿದ್ದು ಎಡಭುಜವನ್ನು ಕೆಡಿಸಿಕೊಂಡ. ಎಸೆಯುವ ತೋಳೇ ಹೋದಮೇಲೆ ಪಿಚರನ ಕಥೆ ಮುಗಿದಂತೆ. ಆದರೆ ಕೆಳಗಿನ ತಂಡಗಳಲ್ಲಿ ಮತ್ತೆ ಮತ್ತೆ ಆಡಿ ನೋಡಲು ಜಾಗವಿತ್ತು, ಕಾಲವಿತ್ತು. ಅವನನ್ನು ಬ್ಯಾಟ್ ಬೀಸುವವನನ್ನಾಗಿ ಮಾಡಿದರು. ೧೯೪೧ರ ಬೇಸಗೆಯಲ್ಲಿ ತೀರ ಕೆಳಗಿನ ಶ್ರೇಣಿಯಲ್ಲಿ ಆರಂಭಿಸಿದ ಅವನು ಸೆಪ್ಟೆಂಬರಿನಲ್ಲಿ ಸೇಂಟ್ ಲೂಯಿಸಿನಲ್ಲಿದ್ದ. ೧೯೬೩ರಲ್ಲಿ ನಿವೃತ್ತನಾಗುವವರೆಗೆ ಅದೊಂದೇ ತಂಡಕ್ಕೆ ಆಡಿ ೩೬೩೦ ಹಿಟ್‌ಗಳನ್ನು ಗಳಿಸಿದ: ಸ್ವಂತ ಊರಿನಲ್ಲಿ ೧೮೧೫, ಪರ ಊರುಗಳಲ್ಲಿ ಸರಿಯಾಗಿ ೧೮೧೫. ಛಂದಸ್ಸಿನ ಪಾಠ ಹೇಳಿ ಹಣ್ಣಾದ ನನ್ನಂಥವನಿಗೆ ಇಂಥ ಸಮತೂಕವನ್ನು ಕಂಡರೆ ವಿಶೇಷ ಸಂತೋಷ!

ಆದರೆ ಹೊಲ ಎಂಬ ರೂಪಕದಲ್ಲಿ ಒಂದು ಕ್ರೌರ್ಯವೂ ಅಡಗಿದೆ. ಬೆಳೆ ಒಕ್ಕಲಿಗನನ್ನು ಬಿಟ್ಟು ಹೋಗಲಾರದು. ಆಟಗಾರನನ್ನು ಒಮ್ಮೆ ಸೇರಿಸಿಕೊಂಡ ತಂಡ ಅವನನ್ನು ಬಾಳಿನುದ್ದಕ್ಕೂ ತನ್ನಲ್ಲೇ ಕಟ್ಟಿಹಾಕಬಹುದೆಂಬ ಕರಾರು ಆಗ ಜಾರಿಯಲ್ಲಿತ್ತು. ಮೇಲೇರಿಸದೆ, ಬಿಟ್ಟೂ ಕೊಡದೆ, ಕೆಳಗೇ ಕೊಳೆಹಾಕಿದ ಹುಡುಗರು ಎಷ್ಟೋ ಮಂದಿ. ೧೯೩೮ರಲ್ಲಿ ಆಟದ ಮುಖ್ಯಾಧಿಕಾರಿ ಲ್ಯಾಂಡಿಸ್, ಕಾರ್ಡಿನಲ್ಸ್ ಹೊಲದಿಂದ ಎಪ್ಪತ್ತಕ್ಕೂ ಹೆಚ್ಚು ಹುಡುಗರನ್ನು ಬಿಡುಗಡೆ ಮಾಡಿಸಿದ. ಅದೇ ತಂಡದ ಕರ್ಟ್ ಫ್ಲಡ್, ೧೯೬೯ರಲ್ಲಿ ತನ್ನನ್ನು ಕೇಳದೆಯೇ ಫಿಲಡೆಲ್ಫಿಯಾಕ್ಕೆ ಸಾಗಹಾಕಿದ್ದನ್ನು ಒಪ್ಪದೆ ನ್ಯಾಯಾಲಯದ ಮೆಟ್ಟಿಲೇರಿದ. ೧೯೭೨ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಅವನಿಗೆ ಸೋಲಾಯಿತು. ೧೯೭೫ರ ಡಿಸೆಂಬರಿನಲ್ಲಿ ಬೇರೆ ಇಬ್ಬರ ಮೊಕದ್ದಮೆಯಲ್ಲಿ ಮಧ್ಯಸ್ಥನಿತ್ತ ತೀರ್ಪಿನಿಂದ ಕಟ್ಟು ಸಡಿಲವಾಯಿತು. ಮೇಜರ್ ಲೀಗಿನಲ್ಲಿ ಆರು ವರ್ಷ ದುಡಿದವನು ತನ್ನ ಬೆಲೆಯನ್ನು ತಾನೇ ಕೇಳಬಹುದೆಂಬ ಏರ್ಪಾಡು ೧೯೭೬ರಿಂದ ಬಂತು. ಬೆಳೆಸುವುದೋ ಕೊಳ್ಳುವುದೋ ಎಂಬ ಇಂದಿನ ಚರ್ಚೆ ನಿಜವಾಗಿ ಆರಂಭವಾದದ್ದು ಆಗ.

ಕಾವ್ಯಕ್ಕೆ ಕಾರಣವಾವುದು ಎಂಬ ಪ್ರಶ್ನೆಗೆ ನಮ್ಮ ಆಲಂಕಾರಿಕರು ಪ್ರತಿಭೆ, ವ್ಯುತ್ಪತ್ತಿ, ಅಭ್ಯಾಸ ಎಂಬ ಮೂರನ್ನು ಹೇಳಿ, ಅವುಗಳಲ್ಲಿ ಯಾವುದು ಹೆಚ್ಚೆಂದು ಶತಮಾನಗಳ ಕಾಲ ವಾದಿಸಿದರು. ಬೇಸ್‌ಬಾಲಿನ ವಾದವೂ ಅದೇ. ಪ್ರತಿಭೆಯನ್ನು ಮೊದಲೇ ಗುರುತಿಸಬಹುದೆಂದು ನಂಬಿದವರ ದೊಡ್ಡ ಹಬ್ಬ ೧೯೬೫ರಿಂದ ನಡೆದುಬಂದಿರುವ ಡ್ರಾಫ್ಟ್. ಶಾಲೆ ಕಾಲೇಜುಗಳ ಹುಡುಗರನ್ನು ತಂಡಗಳು ಸರದಿಯ ಮೇಲೆ, ಸುತ್ತು ಸುತ್ತಾಗಿ ಆರಿಸಿಕೊಳ್ಳುತ್ತವೆ. ಸೋತವರಿಗೆ ಮೊದಲ ಸರದಿ ಎಂಬುದು ಬಹುಕಾಲದ ನಿಯಮ. ೧೯೬೬ರಲ್ಲಿ ನ್ಯೂಯಾರ್ಕ್ ಮೆಟ್ಸ್ ತಂಡ ಎಲ್ಲರಿಗಿಂತ ಮೊದಲು ಆರಿಸಿದ್ದು ಸ್ಟೀವ್ ಚಿಲ್‌ಕಾಟ್ ಎಂಬ ಹುಡುಗನನ್ನು. ಅವನು ಮೇಜರ್ ಲೀಗನ್ನು ಮುಟ್ಟಲೇ ಇಲ್ಲ. ಎರಡನೆಯ ಸರದಿಯವರಿಗೆ ದಕ್ಕಿದವನು ಮುಂದೆ ಜಗತ್ಪ್ರಸಿದ್ಧನಾದ ರೆಜಿ ಜಾಕ್ಸನ್. ೧೯೮೮ರಲ್ಲಿ ಮೈಕ್ ಪಿಯಾಜಾ ಎಂಬುವನನ್ನು ಆರಿಸಿದ್ದು ೬೨ನೆಯ ಸುತ್ತಿನಲ್ಲಿ, ೧೩೯೦ನೆಯವನಾಗಿ. ಅದೂ ಅವನ ತಂದೆಯ ಗೆಳೆಯನಾಗಿದ್ದ ತಂಡದ ಮ್ಯಾನೇಜರನ ದಾಕ್ಷಿಣ್ಯಕ್ಕೆ. ೨೦೧೬ರಲ್ಲಿ ಅವನ ಹೆಸರು ಆಟದ ಕೀರ್ತಿಭವನವನ್ನು ಸೇರಿತು. ೧೯೯೯ರಲ್ಲಿ ಕಾರ್ಡಿನಲ್ಸ್ ತಂಡ ಆಲ್ಬರ್ಟ್ ಪೂಹೋಲ್ಸನನ್ನು ಆರಿಸಿದ್ದು ಹದಿಮೂರನೆಯ ಸುತ್ತಿನಲ್ಲಿ, ೪೦೨ನೆಯವನಾಗಿ. ಅಂದರೆ ಅವನನ್ನು ಕಂಡೂ ಕಾಣದೆ ಎಲ್ಲ ತಂಡಗಳೂ, ಕಾರ್ಡಿನಲ್ಸ್ ಕೂಡ, ಹನ್ನೆರಡು ಸುತ್ತುಗಳನ್ನು ಕಳೆದಿದ್ದವು.

ಸ್ವಂತ ಹುಡುಗನ ಬೆಲೆಯನ್ನೇ ತಿಳಿಯುವುದು ಕಷ್ಟ. ಪಟ್ಟಿಯ ಆಟ ಇಲ್ಲಿ ಬರುತ್ತದೆ. ಭದ್ರಪಡಿಸದೆ ಕೆಳಗೆ ಬಿಟ್ಟ ಹುಡುಗರನ್ನು ವರ್ಷಕ್ಕೊಮ್ಮೆ ಬೇರೆ ತಂಡಗಳು ಎತ್ತಿಕೊಂಡು ಹೋಗಬಹುದೆಂಬ ನಿಯಮ ಹಿಂದಿನಿಂದಲೂ ಉಂಟು; ಒಳ್ಳೆಯವರನ್ನು ಯಾರೂ ಕೆಳಗೆ ಬಚ್ಚಿಡಬಾರದೆಂಬುದೇ ಅದರ ಉದ್ದೇಶ. ೧೯೫೪ರಲ್ಲಿ ಬ್ರೂಕ್ಲಿನ್ ಡಾಡ್ಜರ್ಸ್ ತಂಡ ಪೋರ್ಟೊ ರಿಕೊದ ರೊಬರ್ಟೊ ಕ್ಲೆಮೆಂಟೆಯನ್ನು ತನ್ನ ಮಾಂಟ್ರಿಯಲ್ ತಂಡದಲ್ಲಿ ಇಟ್ಟಿತ್ತು. ಆ ವರ್ಷ ಕಟ್ಟಕಡೆಯ ಸ್ಥಾನದಲ್ಲಿದ್ದ ಪಿಟ್ಸ್‌ಬರ್ಗ್ ತಂಡ ಅವನನ್ನು ಎತ್ತಿಕೊಂಡಿತು. ಆಗ ಪಿಟ್ಸ್‌ಬರ್ಗಿನ ಆಡಳಿತ ನಡೆಸುತ್ತಿದ್ದವನಾರು? ಅದೇ ಬ್ರಾಂಚ್ ರಿಕಿ! ಬ್ರೂಕ್ಲಿನ್ನಿನಲ್ಲಿದ್ದಾಗ ಜಾಕಿ ರಾಬಿನ್ಸನ್ನನನ್ನು ೧೯೪೬ರಲ್ಲಿ ಇದೇ ಮಾಂಟ್ರಿಯಲ್ಲಿನಲ್ಲಿ ಆಡಿಸಿ, ಮರುವರ್ಷ ಮೇಜರ್ ಲೀಗಿನ ವರ್ಣಭೇದದ ಗೋಡೆಯನ್ನು ಒಡೆದವನೂ ಇವನೇ. ಕ್ಲೆಮೆಂಟೆ ೩೦೦೦ ಹಿಟ್‌ಗಳನ್ನು ಮುಟ್ಟಿದ. ೧೯೭೨ರ ಕೊನೆಯ ದಿನ, ಭೂಕಂಪಕ್ಕೆ ಸಿಕ್ಕ ನಿಕರಾಗುವಾದ ಜನರಿಗೆ ನೆರವಿನ ಸಾಮಗ್ರಿಯನ್ನು ಒಯ್ಯುತ್ತಿದ್ದ ವಿಮಾನ ಸಮುದ್ರಕ್ಕೆ ಬಿದ್ದು ತೀರಿಕೊಂಡ.

ಮುನ್ನರಿವು ಇಷ್ಟು ದುರ್ಬಲವೆಂದು ಒಪ್ಪಿದರೆ, ಬುದ್ಧಿವಂತಿಕೆಯ ದಾರಿ ಯಾವುದು? ಹೆಚ್ಚು ಮಂದಿಗೆ ಹೆಚ್ಚು ಕಾಲ ಅವಕಾಶ ಕೊಡುವುದು ಎಂದು ನನಗೆ ತೋರುತ್ತದೆ. ಇದಕ್ಕೆ ವಿರುದ್ಧವಾದ ಮತವೊಂದು ಇತ್ತೀಚೆಗೆ ಬಲವಾಗಿ ಬೇರೂರಿದೆ: ಬೇಕೆಂದೇ ಸೋಲುವುದು. ಹಳಬರನ್ನೆಲ್ಲ ಮಾರಿ, ಕೆಲವು ವರ್ಷ ತಳದಲ್ಲಿ ಕುಳಿತು, ಡ್ರಾಫ್ಟಿನ ಮೊದಲ ಸರದಿಗಳನ್ನು ಬಾಚಿಕೊಳ್ಳುವುದು. ಇದಕ್ಕೆ ಉದಾಹರಣೆಯಾಗಿ ಹೂಸ್ಟನ್ ಆಸ್ಟ್ರೋಸ್ ತಂಡವನ್ನು ತೋರಿಸುತ್ತಾರೆ. ಅದು ೨೦೧೧ರಲ್ಲಿ ೧೦೬, ೨೦೧೨ರಲ್ಲಿ ೧೦೭, ೨೦೧೩ರಲ್ಲಿ ೧೧೧ ಪಂದ್ಯಗಳನ್ನು ಸೋತು, ೨೦೧೭ರಲ್ಲಿ ಅಂತಿಮ ಸರಣಿಯನ್ನು ಗೆದ್ದಿತು. ಸೋಲಿನ ಫಲವಾಗಿ ಬಂದ ಕಾರ್ಲೋಸ್ ಕೊರಿಯಾ, ಅಲೆಕ್ಸ್ ಬ್ರೆಗ್ಮನ್ ಆ ತಂಡದಲ್ಲಿದ್ದರೆಂಬುದು ನಿಜ. ಆದರೆ ಆ ವರ್ಷದ ಅತ್ಯುತ್ತಮ ಆಟಗಾರನೆನಿಸಿದ ಹೋಸೆ ಆಲ್ಟೂವೆ ಯಾರು? ಐದಡಿ ಆರಂಗುಲದ ವೆನೆಜುವೆಲಾದ ಹುಡುಗ. ಕುಳ್ಳನೆಂದು ಮೊದಲ ದಿನ ಹಿಂದಕ್ಕೆ ಕಳುಹಿಸಿದರೂ ಮರುದಿನ ಮತ್ತೆ ಬಂದು ನಿಂತು, ೨೦೦೭ರಲ್ಲಿ ೧೫,೦೦೦ ಡಾಲರಿಗೆ ಸೇರಿಕೊಂಡವನು. ಪಿಚರ್ ಡ್ಯಾಲಸ್ ಕೈಕಲ್ ೨೦೦೯ರಲ್ಲಿ ಏಳನೆಯ ಸುತ್ತಿನಲ್ಲಿ ಬಂದವನು. ಅಂತಿಮ ಸರಣಿಯ ವೀರ ಜಾರ್ಜ್ ಸ್ಪ್ರಿಂಗರನನ್ನು ಆರಿಸಿದ್ದೂ ಆ ಮೂರು ವರ್ಷಗಳ ಸೋಲಿನ ಲೆಕ್ಕ ಜಮೆಯಾಗುವ ಮೊದಲೇ. ಇತ್ತ ೨೦೧೩ರಲ್ಲಿ ಎಲ್ಲರಿಗಿಂತ ಮೊದಲು ಆರಿಸಿದ ಮಾರ್ಕ್ ಆಪೆಲ್ ಹೂಸ್ಟನ್ನಿಗೆ ಒಂದು ಪಂದ್ಯವನ್ನೂ ಆಡಲಿಲ್ಲ. ಗಾಯ, ನಿರಾಶೆ, ಆಟವನ್ನೇ ತೊರೆದ ವರ್ಷಗಳು ಎಲ್ಲವನ್ನೂ ದಾಟಿ ಅವನು ಮೇಜರ್ ಲೀಗಿನ ಮೈದಾನಕ್ಕೆ ಇಳಿದದ್ದು ೨೦೨೨ರಲ್ಲಿ, ಫಿಲಡೆಲ್ಫಿಯಾ ತಂಡದಲ್ಲಿ, ಮೂವತ್ತರ ವಯಸ್ಸಿನಲ್ಲಿ. ಇನ್ನು ೨೦೧೭ರ ಆ ಗೆಲುವಿನಲ್ಲಿ ಎದುರಾಳಿಗಳ ಸಂಜ್ಞೆಗಳನ್ನು ಕ್ಯಾಮರಾ ಇಟ್ಟು ಕದ್ದ ಪಾಲೂ ಇತ್ತೆಂದು ೨೦೨೦ರಲ್ಲಿ ಹೂಸ್ಟನ್ನಿಗೆ ದಂಡ ಬಿತ್ತು. ಕಾರ್ಡಿನಲ್ಸ್ ಅಭಿಮಾನಿ ಇಲ್ಲಿ ಬಹಳ ಮೀಸೆ ತಿರುವುವಂತಿಲ್ಲ. ಹೂಸ್ಟನ್ನಿನವರು ಆಟಗಾರರ ಬಗೆಗೆ ಗಣಕಯಂತ್ರದಲ್ಲಿ ಇಟ್ಟುಕೊಂಡಿದ್ದ ಟಿಪ್ಪಣಿಗಳನ್ನು ಕದ್ದು ಓದಿದ ಅಪರಾಧಕ್ಕೆ ೨೦೧೬ರಲ್ಲಿ ಸೆರೆಮನೆಗೆ ಹೋದ ಅಧಿಕಾರಿ ನಮ್ಮ ತಂಡದವನೇ.

ಡ್ರಾಫ್ಟಿನ ಮೊದಲ ಆರು ಸರದಿಗಳನ್ನು ೨೦೨೩ರಿಂದ ಚೀಟಿ ಎತ್ತಿ ನಿರ್ಧರಿಸುತ್ತಾರೆ. ಸೋಲಿಗೆ ಸಿಗುತ್ತಿದ್ದ ಬಹುಮಾನ ಅಷ್ಟರಮಟ್ಟಿಗೆ ಕಡಮೆಯಾಯಿತು. ಒಳ್ಳೆಯದೇ ಆಯಿತು. ಟಿಕೇಟು ಕೊಂಡು ಮಕ್ಕಳನ್ನು ಕರೆತಂದವನಿಗೆ, ಇಂದು ಗೆಲ್ಲುವ ಇಚ್ಛೆಯೇ ಇಲ್ಲದ ತಂಡವನ್ನು ತೋರಿಸುವುದು ಮರ್ಯಾದೆಯಲ್ಲ.

ಹಾಗಾದರೆ ಕೊಳ್ಳುವುದು ತಪ್ಪೇ? ತಪ್ಪಲ್ಲ, ಕೊಳ್ಳುವಾಗ ಏನನ್ನು ಕೊಳ್ಳುತ್ತಿದ್ದೇವೆಂಬ ಅರಿವಿರಬೇಕು. ಹೊರಗಿನಿಂದ ಕೊಳ್ಳುವವನಿಗೆ ಆಟಗಾರ ಸಿಗುವುದು ಸಾಮಾನ್ಯವಾಗಿ ಮೂವತ್ತರ ಅಂಚಿನಲ್ಲಿ. ಬೆಲೆ ಕಟ್ಟುವುದು ಕಳೆದ ವರ್ಷಗಳನ್ನು ನೋಡಿ, ಹಣ ತೆರುವುದು ಮುಂದಿನ ವರ್ಷಗಳಿಗೆ. ೨೦೧೧ರಲ್ಲಿ ಅಂತಿಮ ಸರಣಿಯನ್ನು ಗೆದ್ದಮೇಲೆ ಪೂಹೋಲ್ಸ್ ಹತ್ತು ವರ್ಷಗಳ ಕರಾರಿನ ಮೇಲೆ ಕ್ಯಾಲಿಫೋರ್ನಿಯಾದ ಏಂಜಲ್ಸ್ ತಂಡಕ್ಕೆ ಹೊರಟುಹೋದ. ಸೇಂಟ್ ಲೂಯಿಸಿನಲ್ಲಿ ಮನೆಮಗ ಮನೆ ಬಿಟ್ಟಷ್ಟು ಸಂಕಟ. ಅಲ್ಲಿ ಅವನ ಆಟ ಮೊದಲಿನಂತೆ ನಡೆಯಲಿಲ್ಲ. ಅವನನ್ನು ಕಳೆದುಕೊಂಡದ್ದಕ್ಕೆ ಪರಿಹಾರವಾಗಿ ದೊರೆತ ಡ್ರಾಫ್ಟ್ ಸರದಿಯಲ್ಲಿ ಕಾರ್ಡಿನಲ್ಸ್ ೨೦೧೨ರಲ್ಲಿ ಮೈಕಲ್ ವಾಕಾ ಎಂಬ ಪಿಚರನನ್ನು ಆರಿಸಿತು. ಮರುವರ್ಷವೇ ಅವನು ತಂಡವನ್ನು ಅಂತಿಮ ಸರಣಿಗೆ ಕೊಂಡೊಯ್ದ. ಇಷ್ಟಾದರೂ ೨೦೨೨ರಲ್ಲಿ ಪೂಹೋಲ್ಸ್ ಕೊನೆಯ ಋತುವಿಗೆಂದು ಹಳೆಯ ಅಂಗಿಯನ್ನು ತೊಟ್ಟು ಬಂದು ಏಳುನೂರನೆಯ ಹೋಮ್ ರನ್ ಹೊಡೆದಾಗ, ಲೆಕ್ಕಾಚಾರದ ಮಾತನ್ನು ಊರಿನಲ್ಲಿ ಯಾರೂ ಎತ್ತಲಿಲ್ಲ.

ಈ ಚರ್ಚೆಗಳಲ್ಲೆಲ್ಲ ಅಪರೂಪಕ್ಕೆ ಕಿವಿಗೆ ಬೀಳುವುದು ಏಣಿಯ ಕೆಳಮೆಟ್ಟಿಲಿನವರ ಸುದ್ದಿ. ೨೦೧೮ರಲ್ಲಿ ಅಮೆರಿಕದ ಸಂಸತ್ತು, ಹೆಚ್ಚು ಹೊತ್ತಿನ ದುಡಿಮೆಗೆ ಹೆಚ್ಚು ಕೂಲಿ ಎಂಬ ನಿಯಮದಿಂದ ಮೈನರ್ ಲೀಗ್ ಆಟಗಾರರನ್ನು ಹೊರಗಿಡುವ ಕಾನೂನನ್ನು ಮಾಡಿತು. ೨೦೨೨ರಲ್ಲಿ ಅವರು ಮೇಜರ್ ಲೀಗ್ ಆಟಗಾರರ ಸಂಘದೊಳಕ್ಕೆ ಬಂದರು. ಮರುವರ್ಷದ ಒಪ್ಪಂದದಲ್ಲಿ ತಳಮೆಟ್ಟಿಲಿನವನ ಕನಿಷ್ಠ ವಾರ್ಷಿಕ ಸಂಬಳ ೪,೮೦೦ ಡಾಲರಿನಿಂದ ೧೯,೮೦೦ಕ್ಕೂ, ಮೇಲ್ಮೆಟ್ಟಿಲಿನವನದು ೧೭,೫೦೦ರಿಂದ ೩೫,೮೦೦ಕ್ಕೂ ಏರಿತು. ಅದಕ್ಕೆ ಮುಂಚೆ, ಬೇಸಗೆಯಲ್ಲಿ ಚೆಂಡು, ಚಳಿಗಾಲದಲ್ಲಿ ಅಂಗಡಿಯ ಕೂಲಿ ಎಂದು ಬದುಕಿದವರು ಅನೇಕರು. ಅರೆಹೊಟ್ಟೆಯ ಹುಡುಗನಿಂದ ವಿಕಾಸವನ್ನು ನಿರೀಕ್ಷಿಸುವ ಸಂಸ್ಥೆ ತನ್ನ ಹಣವನ್ನೇ ವ್ಯರ್ಥಮಾಡುತ್ತದೆ ಎಂಬ ಸರಳ ಸಂಗತಿ ಶ್ರೀಮಂತ ಒಡೆಯರಿಗೆ ಅಷ್ಟು ಕಾಲ ಹೊಳೆಯಲಿಲ್ಲವೆಂಬುದು ಆಶ್ಚರ್ಯ.

ಸಂಬಳ ಏರಿತು, ಆದರೆ ಏಣಿ ಕಿರಿದಾಯಿತು. ೨೦೧೯ರವರೆಗೆ ೪೦ ಸುತ್ತುಗಳಿದ್ದ ಡ್ರಾಫ್ಟಿನಲ್ಲಿ ೨೦೨೧ರಿಂದ ಇರುವುದು ೨೦ ಸುತ್ತುಗಳು. ಪಿಯಾಜಾನಂಥವನನ್ನು ದಾಕ್ಷಿಣ್ಯಕ್ಕೆ ಕರೆಯಲು ಸುತ್ತೇ ಉಳಿದಿಲ್ಲ. ಅದೇ ವರ್ಷ ಮೈನರ್ ಲೀಗನ್ನು ೧೨೦ ತಂಡಗಳಿಗೆ, ಅಂದರೆ ಮೇಜರ್ ಲೀಗಿನ ತಂಡವೊಂದಕ್ಕೆ ನಾಲ್ಕರಂತೆ, ಇಳಿಸಿದರು. ಸುಮಾರು ನಾಲ್ವತ್ತು ಊರುಗಳ ನಂಟು ಕಡಿದುಹೋಯಿತು. ಗಣಕಯಂತ್ರಗಳೂ ವೇಗದ ಕ್ಯಾಮರಾಗಳೂ ಯಾರು ಬೆಳೆಯುತ್ತಾರೆಂದು ಬೇಗನೆ ತಿಳಿಸುತ್ತವೆ, ಇಷ್ಟೊಂದು ಹುಡುಗರು ಬೇಡ ಎಂಬುದು ಆಡಳಿತದವರ ಸಮರ್ಥನೆ. ಉಪಕರಣಗಳಿಂದ ಪ್ರಯೋಜನವಾಗಿಲ್ಲವೆಂದು ನಾನು ಹೇಳುವುದಿಲ್ಲ. ಚೆಂಡಿನ ತಿರುವನ್ನು ಅಳೆದು ತೋರಿಸಿ ಎಷ್ಟೋ ಪಿಚರರನ್ನು ಅವು ತಿದ್ದಿವೆ. ಆದರೆ ಭುಜ ಮುರಿದ ಮ್ಯೂಸಿಯಲ್ಲನ ವಿಷಯದಲ್ಲಿ ಅವು ಏನು ಹೇಳುತ್ತಿದ್ದವು?

ನಂಟು ಕಡಿದುಕೊಂಡ ಊರುಗಳಲ್ಲಿ ಟೆನೆಸ್ಸಿ ಸಂಸ್ಥಾನದ ಜಾನ್ಸನ್ ಸಿಟಿ ಒಂದು. ೧೯೭೫ರಿಂದ ೨೦೨೦ರವರೆಗೆ ಅದು ಕಾರ್ಡಿನಲ್ಸ್ ಹೊಲದ ತಗ್ಗಿನ ತಾಕು. ನಾಲ್ಕನೆಯ ಸುತ್ತಿನಲ್ಲಿ ಆರಿಸಿದ ಯಾಡಿಯರ್ ಮೊಲೀನಾ ಎಂಬ ಪೋರ್ಟೊ ರಿಕೊದ ಹುಡುಗ ೨೦೦೧ರಲ್ಲಿ ತನ್ನ ಮೊದಲ ಋತುವನ್ನು ಆಡಿದ್ದು ಅಲ್ಲಿ. ಆಮೇಲೆ ಅವನು ೨೦೦೪ರಿಂದ ೨೦೨೨ರವರೆಗೆ ಸೇಂಟ್ ಲೂಯಿಸಿನ ತಂಡವೊಂದಕ್ಕೇ ಆಡಿದ. ಜಾನ್ಸನ್ ಸಿಟಿಯ ಮೈದಾನ ಪಾಳುಬೀಳಲಿಲ್ಲ. ೨೦೨೧ರಿಂದ ಅಲ್ಲಿ ಬೇಸಗೆ ರಜೆಯ ಕಾಲೇಜು ಹುಡುಗರು ಸಂಬಳವಿಲ್ಲದೆ ಆಡುತ್ತಾರೆ. ಅವರು ಯಾವ ತಂಡದ ಪಟ್ಟಿಯಲ್ಲೂ ಇಲ್ಲ.