ಮಚ್ಚು, ಕೊಡಲಿಗಳನ್ನು ಕೆಲಸಕ್ಕೆ ಒಯ್ಯುವ ಮುನ್ನ ಪರೀಕ್ಷಿಸುವ ಕ್ರಮ

ಡೋಣಿ ಹಾಗೂ ಕಪ್ಪತಗುಡ್ಡದ ಅಂಚಿನ ಇತರ ಗ್ರಾಮಗಳಲ್ಲಿ ಕೆರೆಯ ಏರಿ, ಹಳ್ಳದ ದಂಡೆ ಮತ್ತು ಹೊಲದ ಬದುಗಳ ಮೇಲೆ ಬೆಳೆಯುವ ಬಳ್ಳಾರಿ ಜಾಲಿಯನ್ನು ತೆಗೆಯಲು ಮಚ್ಚು, ಕೊಡಲಿ, ಕುಡಗೋಲುಗಳೇ ಮುಖ್ಯ ಸಾಧನಗಳು. ಊರಿನಿಂದ ದೂರದ ಸ್ಥಳದಲ್ಲಿ ಅಲಗು ಮುರಿದರೆ ಅಥವಾ ಕಾವಿನಿಂದ ಕಳಚಿದರೆ ನಷ್ಟವು ಸಾಧನಕ್ಕಷ್ಟೇ ಸೀಮಿತವಾಗದು. ಹಾರಿದ ಚೂರು ಪಕ್ಕದ ಕೂಲಿಕಾರರ ಕಣ್ಣು, ಕಾಲುಗಳಿಗೆ ತಗಲಬಹುದು. ಆದುದರಿಂದ ಖರೀದಿಯ ಸಮಯದಲ್ಲಿ ಕನಿಷ್ಠ ದರದೊಂದಿಗೆ ಗುಣಮಟ್ಟವನ್ನೂ ಪರೀಕ್ಷಿಸುವುದು ಅವಶ್ಯ.

ಒಳ್ಳೆಯ ಅಲಗಿನ ಲಕ್ಷಣ

ಉಕ್ಕಿನಲ್ಲಿರುವ ಇಂಗಾಲದ ಪ್ರಮಾಣವೇ ಅದರ ಗಡಸುತನಕ್ಕೆ ಆಧಾರ. ಕಟ್ಟಡ ಕೆಲಸದ ಸಾಮಾನ್ಯ ಪಟ್ಟಿಯಲ್ಲಿ ಇಂಗಾಲ ಕಡಿಮೆಯಿರುವುದರಿಂದ ಅದಕ್ಕೆ ಹದ ಹಿಡಿಯುವುದಿಲ್ಲ. ಲಾರಿಯ ಸ್ಪ್ರಿಂಗ್ ಪಟ್ಟಿಯಲ್ಲಿ ಇಂಗಾಲವು ಸುಮಾರು ಶೇ. 0.5ರಿಂದ 0.6ರಷ್ಟಿರುವುದರಿಂದ ಕಂಬಾರರು ಅದನ್ನು ಮೆಚ್ಚುತ್ತಾರೆ. ಕೆಂಪಗೆ ಕಾಯಿಸಿ ಒಮ್ಮೆಲೇ ತಣಿಸಿದ ಉಕ್ಕು ಬಹಳ ಗಡಸಾಗುತ್ತದೆ, ಆದರೆ ಗಾಜಿನಂತೆ ಒಡೆಯುತ್ತದೆ. ಅದನ್ನು ಮತ್ತೆ ಸುಮಾರು 200ರಿಂದ 300 ಡಿಗ್ರಿ ಸೆಲ್ಸಿಯಸ್‌ವರೆಗೆ ಹದವಾಗಿ ಕಾಯಿಸಿದಾಗ ಗಡಸುತನ ಸ್ವಲ್ಪ ತಗ್ಗಿ, ಪೆಟ್ಟು ತಾಳುವ ಗುಣ ಬರುತ್ತದೆ. ಈ ಎರಡರ ಸಮತೋಲನವನ್ನೇ ಪರೀಕ್ಷೆಯಿಂದ ತಿಳಿಯಬೇಕಾಗಿದೆ.

ಪರೀಕ್ಷೆಯ ಐದು ಹಂತಗಳು

1. ನೋಟ: ಅಲಗನ್ನು ಬಿಸಿಲಿಗೆ ಓರೆಯಾಗಿ ಹಿಡಿದು ಸೂಕ್ಷ್ಮ ಬಿರುಕುಗಳಿವೆಯೇ ಎಂದು ನೋಡಬೇಕು. ಅಂಚಿನಲ್ಲಿ ನೀಲಿ ಬಣ್ಣ ಕಂಡರೆ ಸಾಣೆಯ ಯಂತ್ರದ ಶಾಖದಿಂದ ಹದ ಕೆಟ್ಟಿರುವ ಸಂಭವವಿದೆ.

2. ನಾದ: ಕಾವು ಹಾಕದ ಅಲಗನ್ನು ದಾರದಿಂದ ತೂಗುಹಾಕಿ ಮೆಲ್ಲನೆ ತಟ್ಟಬೇಕು. ಸ್ವಚ್ಛ ನಾದ ಬಂದರೆ ಒಳ್ಳೆಯದು. ಮಂಕಾದ ಸದ್ದು ಬಿರುಕಿನ ಸೂಚನೆಯಾಗಿರಬಹುದು.

3. ಅರ: ಅಂಚಿನ ತುದಿ, ನಡು ಮತ್ತು ಬುಡದಲ್ಲಿ ಅರದಿಂದ ಲಘುವಾಗಿ ಉಜ್ಜಬೇಕು. ಮೊಳೆಯನ್ನು ಉಜ್ಜಿದಷ್ಟು ಸುಲಭವಾಗಿ ಸವೆದರೆ ಅಲಗು ಮೆದು. ಅರವು ಕಚ್ಚದೆ ಪೂರ್ತಿ ಜಾರಿದರೆ ಅತಿ ಗಡಸು. ಪ್ರಯಾಸದಿಂದ ಕಚ್ಚಿದರೆ ಹದ ಸರಿಯಾಗಿದೆ. ಮೂರೂ ಕಡೆ ಒಂದೇ ಫಲಿತಾಂಶ ಬರಬೇಕು.

4. ಕಡಿತ: ಒಣಗಿದ ಜಾಲಿಯ ಕೊರಡಿಗೆ 20 ಪೆಟ್ಟು ಹಾಕಿ ಅಂಚನ್ನು ನೋಡಬೇಕು. ಅಂಚು ಮಡಿಚಿದ್ದರೆ ಹದ ಸಾಲದು. ಚೂರು ಎದ್ದಿದ್ದರೆ ಅಲಗು ಪೆಟ್ಟು ತಾಳದು. ಎರಡನ್ನೂ ಹಿಂದಿರುಗಿಸಬೇಕು. ಪರೀಕ್ಷಿಸುವವರು ರಕ್ಷಣಾ ಕನ್ನಡಕ ಧರಿಸಬೇಕು. ಇತರರು ದೂರ ನಿಲ್ಲಬೇಕು. ಕಲ್ಲಿಗೆ ಹೊಡೆದು ನೋಡುವುದು ಪರೀಕ್ಷೆಯಲ್ಲ.

5. ಕಾವು: ಕಟ್ಟಿಗೆಯ ಎಳೆಗಳು ಕಾವಿನ ಉದ್ದಕ್ಕೂ ನೇರವಾಗಿರಬೇಕು, ಬೆಣೆ ಬಿಗಿಯಾಗಿರಬೇಕು. ಸಡಿಲವಾದ ಕೊಡಲಿಯನ್ನು ನೀರಿನಲ್ಲಿ ನೆನೆಸಿದರೆ ಕಾವು ಉಬ್ಬಿ ಬಿಗಿಯಾದಂತೆ ತೋರುತ್ತದೆ; ಆದರೆ ಬೇಸಿಗೆಯ ಬಿಸಿಲಿನಲ್ಲಿ ಒಣಗಿದೊಡನೆ ಮೊದಲಿಗಿಂತಲೂ ಸಡಿಲವಾಗಬಹುದು. ಆದ್ದರಿಂದ ಒಣಗಿದ ಸ್ಥಿತಿಯಲ್ಲಿಯೇ ಪರೀಕ್ಷಿಸಿ, ಹೊಸ ಬೆಣೆ ಹಾಕಿಸುವುದು ಸೂಕ್ತ.

ಸದಸ್ಯರು ಗಮನಿಸಬೇಕಾದ ಅಂಶಗಳು

ದರಪಟ್ಟಿ ಆಹ್ವಾನಿಸುವಾಗಲೇ "ಪರೀಕ್ಷೆಯಲ್ಲಿ ವಿಫಲವಾದ ಸಾಧನವನ್ನು ಬದಲಾಯಿಸಿಕೊಡಬೇಕು" ಎಂಬ ಷರತ್ತನ್ನು ಸೇರಿಸಬೇಕು. ಊರಿನ ಕಂಬಾರರಿಂದ ಪಡೆಯುವುದಾದರೆ ಹದ ಕೆಟ್ಟಾಗ ಅವರಿಂದಲೇ ಸರಿಪಡಿಸಿಕೊಳ್ಳುವ ಅನುಕೂಲವಿದೆ. ಸಾಣೆ ಹಿಡಿಸುವಾಗ ಅಲಗನ್ನು ಆಗಾಗ ನೀರಿನಲ್ಲಿ ತಣಿಸಲು ಸೂಚಿಸಬೇಕು. ಪ್ರತಿದಿನ ಕೆಲಸ ಆರಂಭಿಸುವ ಮುನ್ನ ಕಾವು, ಬೆಣೆಗಳನ್ನು ನೋಡುವ ಹೊಣೆಯನ್ನು ಕಾಯಕಬಂಧುಗಳಿಗೆ ವಹಿಸಬಹುದು. ಪ್ರಥಮ ಚಿಕಿತ್ಸಾ ಪೆಟ್ಟಿಗೆ ಕೆಲಸದ ಸ್ಥಳದಲ್ಲಿಯೇ ಇರಬೇಕು.

ಕಪ್ಪತಗುಡ್ಡವು 2019ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾಗಿದೆ. ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರ ಪ್ರಕಾರ ಚಾಕು ಮೊದಲಾದವೂ ಆಯುಧಗಳೆಂದು ಪರಿಗಣಿತವಾಗಿದ್ದು, ಲಿಖಿತ ಪೂರ್ವಾನುಮತಿಯಿಲ್ಲದೆ ಅವುಗಳೊಂದಿಗೆ ಧಾಮವನ್ನು ಪ್ರವೇಶಿಸುವಂತಿಲ್ಲ. ಗಡಿಯಂಚಿನ ಕಾಮಗಾರಿಗೆ ಕೂಲಿಕಾರರನ್ನು ಕಳುಹಿಸುವ ಮುನ್ನ ವಲಯ ಅರಣ್ಯಾಧಿಕಾರಿಗಳಿಂದ ಗಡಿರೇಖೆಯನ್ನು ಖಚಿತಪಡಿಸಿಕೊಳ್ಳಬೇಕು.

ಈ ಪರೀಕ್ಷೆಗಳಿಗೆ ಒಂದು ಅರ, ಒಂದು ಕೊರಡು ಮತ್ತು ಸ್ವಲ್ಪ ಸಮಯ ಸಾಕು. ಪರೀಕ್ಷಿಸಿದ ಸಾಧನಗಳ ವಿವರವನ್ನು ದಾಸ್ತಾನು ವಹಿಯಲ್ಲಿ ದಾಖಲಿಸಿದ ನಂತರವೇ ಅವುಗಳನ್ನು ಕೆಲಸಕ್ಕೆ ವಿತರಿಸುವುದು ಸೂಕ್ತ.